ನೀಲಿ ಕೆರೆಗಳ ಕೆಳಗಿನ ಊರು

ವರಾಸ್‌ಗೆ ಬಸ್ಸು ಬಂದು ನಿಂತಾಗ ಇನ್ನೂ ಕತ್ತಲೆ. ಹಾಗಾಗಿ ಆ ಊರಲ್ಲಿ ನಾನು ಮೊದಲು ನೋಡಿದ್ದು ಹಿಮದ ಬೆಟ್ಟ ಅಲ್ಲ, ಬೀದಿ ದೀಪದ ಬೆಳಕಲ್ಲಿ ಗೋಡೆ ಮೇಲೆ ಕಾಣುತ್ತಿದ್ದ ಹಸಿರು ಬಣ್ಣದ ದೊಡ್ಡ 'ಎಸ್' ಅಕ್ಷರ. ಬ್ಯಾಂಕಿನ ಬಾಗಿಲಲ್ಲೊಂದು, ಬೇಕರಿ ಒಳಗೊಂದು. ಪಾರ್ಕಿಂಗ್ ಬೋರ್ಡ್ ಇರಬೇಕು ಅಂದುಕೊಂಡೆ. ಲಾಡ್ಜಿನ ಅಡುಗೆಮನೆ ಬಾಗಿಲ ಪಕ್ಕದಲ್ಲೂ ಅದೇ ಕಂಡಾಗ ಅನುಮಾನ ಬಂದು ಕೇಳಿದೆ. ಭೂಕಂಪ ಆದಾಗ ಬಂದು ನಿಂತುಕೊಳ್ಳುವ ಜಾಗ ಅಂತೆ. ಪೆರು ದೇಶದ ತುಂಬ ಈ ಗುರುತು ಇರುತ್ತದೆ. ರಾಜಧಾನಿ ಲೀಮಾದಲ್ಲೂ ಇತ್ತು, ನಾನೇ ಗಮನಿಸಿರಲಿಲ್ಲ.

ನಾನು ಹೋಗಿದ್ದು 2025ರ ಜುಲೈನಲ್ಲಿ. ಕೆಲಸದ ಮೇಲೆ ಎರಡು ವರ್ಷದಿಂದ ಅಮೆರಿಕದಲ್ಲಿದ್ದೆ, ಮೂರು ವಾರ ರಜೆ ಸಿಕ್ಕಿತು, ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟೆ. ಎಲ್ಲರೂ ಮಾಚು ಪಿಚುಗೆ ಹೋದರೆ ನೀನು ಅದ್ಯಾವ ಊರಿಗೆ ಹೊರಟೆ ಮಾರಾಯ ಅಂತ ಗೆಳೆಯರು ಕೇಳಿದರು. ಕಾರಣ ಅಂಥ ದೊಡ್ಡದೇನಲ್ಲ, ಒಂದು ಫೋಟೋ ನೋಡಿದ್ದೆ. ಯಾರೋ ಹುಡುಗಿ ಬಂಡೆ ಮೇಲೆ ಕೂತಿದ್ದಾಳೆ, ಮುಂದೆ ಕೆರೆ, ಆ ಕೆರೆಯ ನೀಲಿ ಎಂಥದ್ದು ಅಂದ್ರೆ, ಬಿಳಿ ಬಟ್ಟೆಗೆ ನೀಲಿ ಹಾಕುವಾಗ ಬಕೆಟ್ ನೀರಿಗೆ ಮೊದಲ ಎರಡು ತೊಟ್ಟು ಬಿದ್ದಾಗ ಕಾಣುತ್ತಲ್ಲ, ಅಂಥದ್ದು. ಅದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು, ಅಷ್ಟೇ.

ವರಾಸ್ ಅಂದ್ರೆ ಅಂಕಾಶ್ ಪ್ರಾಂತ್ಯದ ಮುಖ್ಯ ಊರು. ಬರೆಯುವಾಗ ಮುಂದೆ ಒಂದು 'ಹ' ಇರುತ್ತೆ, ಹೇಳುವಾಗ ಅದು ಮಾಯ. ಇದು ಗೊತ್ತಿಲ್ಲದೆ ಲೀಮಾದ ಬಸ್ ಕೌಂಟರಿನಲ್ಲಿ 'ಹುವಾರಾಜ್, ಹುವಾರಾಜ್' ಅಂತ ಮೂರು ಸಲ ಕೂಗಿ, ಕೊನೆಗೆ ಮೊಬೈಲಲ್ಲಿ ಬರೆದು ತೋರಿಸಿದೆ. ಲೀಮಾದಿಂದ ಸುಮಾರು 400 ಕಿಲೋಮೀಟರ್, ಎಂಟು ಗಂಟೆಯ ದಾರಿ. ಊರು ಇರೋದು 3,050 ಮೀಟರ್ ಎತ್ತರದಲ್ಲಿ. ಪೂರ್ವಕ್ಕೆ ಕೋರ್ಡಿಯೆರಾ ಬ್ಲಾಂಕಾ, ಅಂದ್ರೆ ಬಿಳಿ ಬೆಟ್ಟಸಾಲು. ಪಶ್ಚಿಮಕ್ಕೆ ಹಿಮವೇ ಇಲ್ಲದ ಕರಿ ಬೆಟ್ಟಸಾಲು. ಎರಡರ ನಡುವೆ ಸಾಂತಾ ನದಿ ಉತ್ತರಕ್ಕೆ ಹರಿಯುತ್ತದೆ. ಅದೇ ನದಿಯ ನೀರನ್ನು ಕಾಲುವೆಯಲ್ಲಿ ತಿರುಗಿಸಿ ಕರಾವಳಿಯ ಮರಳುಗಾಡಿನಲ್ಲಿ ಬ್ಲೂಬೆರಿ ಬೆಳೆಯುತ್ತಾರೆ. ಅಮೆರಿಕದ ಅಂಗಡಿಯಲ್ಲಿ ಪೆರು ಅಂತ ಬರೆದ ಡಬ್ಬಿ ಎಷ್ಟು ಸಲ ತಂದು ತಿಂದಿದ್ದೀನೋ. ಈ ಬೆಟ್ಟಗಳ ನೀರು ಕುಡಿದ ಹಣ್ಣೂ ಅದರಲ್ಲಿ ಇದ್ದಿರಬಹುದು.

ಎತ್ತರದ ಬಗ್ಗೆ ನಾನು ಓದಿಕೊಂಡೇ ಹೋಗಿದ್ದೆ. ಓದಿದ್ದು ತಲೆಯಲ್ಲಿತ್ತು, ಕಾಲಿಗೆ ಗೊತ್ತಿರಲಿಲ್ಲ. ಮುಳ್ಳಯ್ಯನಗಿರಿ ಹತ್ತಿ ಕರ್ನಾಟಕದ ತುದಿ ಮೇಲೆ ನಿಂತಿದ್ದೀನಿ ಅಂತ ಎದೆ ಉಬ್ಬಿಸಿದವನು ನಾನು. ಅದರ ಎತ್ತರ 1,930 ಮೀಟರ್. ಇಲ್ಲಿ ಲಾಡ್ಜಿನ ಮೂರನೇ ಮಹಡಿಯ ರೂಮಿಗೆ ಹೋಗೋಕೆ ಎರಡು ಕಡೆ ನಿಂತು ಉಸಿರು ತಗೊಂಡೆ. ತಲೆನೋವು ಹಣೆಯಲ್ಲಲ್ಲ, ಬುರುಡೆಯ ಹಿಂಬದಿಯಲ್ಲಿ, ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಅಲ್ಲಿಯವರು ಇದಕ್ಕೆ ಸೊರೋಚೆ ಅಂತಾರೆ. ಲಾಡ್ಜಿನ ಯಜಮಾನಿ ಅರವತ್ತು ದಾಟಿದವರು, ಒಂದು ಲೋಟ ಬಿಸಿ ನೀರಿಗೆ ಕೋಕಾ ಎಲೆ ಹಾಕಿ ಕೊಟ್ಟರು. ಒಣಗಿದ ಹುಲ್ಲು ಕುದಿಸಿದ ಹಾಗೆ ರುಚಿ, ಆದರೆ ಹೊಟ್ಟೆಗೆ ಹಿತ. (ಪೆರುವಿನಲ್ಲಿ ಇದು ಕಾನೂನಿನ ಪ್ರಕಾರವೇ ಸಿಗುತ್ತದೆ. ನೆನಪಿಗೆ ಅಂತ ಪೊಟ್ಟಣ ಕಟ್ಟಿಕೊಂಡು ಬೇರೆ ದೇಶಕ್ಕೆ ಮಾತ್ರ ತರಬೇಡಿ, ವಿಮಾನ ನಿಲ್ದಾಣದಲ್ಲಿ ಕಥೆ ಬೇರೆ ಆಗುತ್ತದೆ.) ಎರಡು ದಿನ ಸುಮ್ನೆ ಇರು ಮಗಾ ಅಂದರು ಅವರು.

ಸುಮ್ನೆ ಇರಲಿಲ್ಲ. ಇಲ್ಲೇ ನಾನು ಎಡವಿದ್ದು.

ಪೇಟೆ ಬೀದಿಯಲ್ಲಿ ಟ್ರಿಪ್ ಮಾಡಿಸುವವನೊಬ್ಬ ಸಿಕ್ಕಿದ. ನಾಳೆಯೇ ಲಗುನಾ 69ಕ್ಕೆ ಕರ್ಕೊಂಡು ಹೋಗ್ತೀನಿ, ಏನೂ ಆಗಲ್ಲ, ಎಲ್ಲರೂ ಹೋಗ್ತಾರೆ ಅಂದ. ಲಗುನಾ ಅಂದ್ರೆ ಕೆರೆ. ಫೋಟೋದಲ್ಲಿದ್ದದ್ದು ಅದೇ. ಬಿಳಿ ಬೆಟ್ಟಸಾಲಿನ ರಾಷ್ಟ್ರೀಯ ಉದ್ಯಾನದಲ್ಲಿ ನೂರಾರು ಕೆರೆಗಳಿವೆ, ಹೆಸರಿಲ್ಲದವಕ್ಕೆ ನಂಬರ್ ಕೊಟ್ಟುಕೊಂಡು ಹೋದರಂತೆ, ಇದಕ್ಕೆ 69 ಬಂತಂತೆ. 4,600 ಮೀಟರ್ ಎತ್ತರ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅನ್ನೋದು ಬೆಟ್ಟ ಹತ್ತುವವರ ನಿಯಮ. ಮಲಗೋದು ಹೇಗೂ ವರಾಸ್‌ನಲ್ಲೇ ತಾನೇ ಅಂತ ನನಗೆ ನಾನೇ ವಕೀಲನಾದೆ.

ಬೆಳಿಗ್ಗೆ ಐದಕ್ಕೆ ವ್ಯಾನು. ಯುಂಗಾಯ್ ಊರಿನ ಹತ್ತಿರ ಬಲಕ್ಕೆ ತಿರುಗಿ ಮಣ್ಣಿನ ರಸ್ತೆ, ಆಮೇಲೆ ಯಾಂಗನುಕೊದ ಎರಡು ಕೆರೆ. ಒಂದು ಹೆಣ್ಣು ಕೆರೆ, ಇನ್ನೊಂದು ಗಂಡು ಕೆರೆ ಅಂತ ಕ್ವೆಚುವಾ ಭಾಷೆಯ ಹೆಸರಲ್ಲೇ ಇದೆ. ದಡದಲ್ಲಿ ಕೆಂಪು ತೊಗಟೆ ಹಾಳೆ ಹಾಳೆಯಾಗಿ ಸುಲಿದುಕೊಂಡು ನಿಂತ ಕೆನ್ಯುವಲ್ ಮರಗಳು. ನಡಿಗೆ ಶುರುವಾಗೋದು ಹಸು ಮೇಯುವ ಒಂದು ಬಯಲಲ್ಲಿ. ಮೊದಲ ಒಂದು ಗಂಟೆ ಲಾಲ್‌ಬಾಗಿನಲ್ಲಿ ವಾಕಿಂಗ್ ಹೋದ ಹಾಗೆ, ಆಮೇಲೆ ಅಂಕುಡೊಂಕು ಏರು, ಅದು ಮುಗೀತಪ್ಪ ಅಂತ ಕೂತರೆ ಮುಂದೆ ಇನ್ನೊಂದು ಬಯಲು, ಅದರಾಚೆ ಮತ್ತೆ ಗೋಡೆಯಂಥ ಏರು. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ದಡದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹತ್ತು ಹೆಜ್ಜೆ, ನಿಲ್ಲೋದು. ಹತ್ತು ಹೆಜ್ಜೆ, ನಿಲ್ಲೋದು. ನನ್ನ ಅಮ್ಮನ ವಯಸ್ಸಿನ ಫ್ರೆಂಚ್ ಹೆಂಗಸೊಬ್ಬರು ಊರಿನ ಜಾತ್ರೆಗೆ ಹೊರಟವರ ಹಾಗೆ ನನ್ನನ್ನು ದಾಟಿ ಹೋದರು. ಕೊನೆಯ ಏರಿನಲ್ಲಿ ಬಂಡೆ ಹಿಂದೆ ಹೋಗಿ ಬೆಳಗಿನ ಬ್ರೆಡ್ಡೆಲ್ಲ ವಾಂತಿ ಮಾಡಿಕೊಂಡೆ.

ಕೆರೆ ಸಿಕ್ಕಿತು. ಫೋಟೋ ಸುಳ್ಳು ಹೇಳಿರಲಿಲ್ಲ. ಎದುರಿಗೆ ಚಕ್ರರಾಹು ಬೆಟ್ಟ 6,000 ಮೀಟರ್ ದಾಟಿ ನೆಟ್ಟಗೆ ನಿಂತಿದೆ, ಅದರ ಹಿಮ ಕರಗಿ ಬಂಡೆಯ ಮೇಲೆ ಇಳಿದು ಕೆರೆಗೆ ಬೀಳುತ್ತಿದೆ. ಆ ಬಣ್ಣಕ್ಕೆ ಕಾರಣ ಹಿಟ್ಟು. ಹಿಮನದಿ ನೂರಾರು ವರ್ಷ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತದೆ, ಅದು ತಳಕ್ಕೆ ಕೂರದೆ ನೀರಲ್ಲಿ ತೇಲುತ್ತಾ ಬೆಳಕಿನ ನೀಲಿಯನ್ನು ನಮ್ಮ ಕಡೆಗೆ ಚೆಲ್ಲುತ್ತದೆ. ಬೀಸುವ ಕಲ್ಲಿನ ಕೆಲಸ. ನಾನು ಅರ್ಧ ಗಂಟೆ ಕೂತೆ, ಸತ್ಯ ಹೇಳಬೇಕಂದ್ರೆ ಅದರಲ್ಲಿ ಇಪ್ಪತ್ತು ನಿಮಿಷ ತಲೆ ಮಂಡಿ ಮೇಲಿಟ್ಟುಕೊಂಡೇ ಕೂತಿದ್ದೆ.

ಸಂಜೆ ಲಾಡ್ಜಿಗೆ ಬಂದಾಗ ಯಜಮಾನಿ ನನ್ನ ಮುಖ ನೋಡಿ ಬೈಯಲಿಲ್ಲ. ಮತ್ತೆ ಕೋಕಾ ಕೊಟ್ಟರು. ನಾನು ಮೊಬೈಲಲ್ಲಿ ಕೆರೆಯ ಫೋಟೋ ತೋರಿಸಿದೆ. ನೋಡಿ, ಹೂಂ, ಚೆಂದ ಅಂದರು. ಆಮೇಲೆ, ನಾನು ಯಾವ ಕೆರೆಗೂ ಹೋಗಿಲ್ಲ ಅಂದರು. ಹುಟ್ಟಿದ್ದು ಇದೇ ಊರಲ್ಲಿ, ಒಂದು ಸಲವೂ ಹೋಗಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ಅದು ನಮ್ಮನ್ನು ನೋಡೋಕೆ ಬರದೆ ಇದ್ದರೆ ಸಾಕು ಅಂದರು. ನನ್ನ ಸ್ಪ್ಯಾನಿಷ್ ಆ್ಯಪಿನಲ್ಲಿ ಕಲಿತದ್ದು, ತಪ್ಪು ಕೇಳಿಸಿಕೊಂಡೆ ಅಂದುಕೊಂಡು ಫೋನಿನಲ್ಲಿ ಅನುವಾದ ಮಾಡಿಸಿದೆ. ಸರಿಯಾಗೇ ಕೇಳಿಸಿತ್ತು.

ಮುಂದಿನ ಎರಡು ದಿನ ಅವರು ಹೇಳಿದ ಹಾಗೇ ಇದ್ದೆ. ಸಂತೆ ಸುತ್ತಿದೆ, ತಿಂದೆ. ಇಲ್ಲಿ ಚೋಚೊ ಅಂತ ಒಂದು ಕಾಳು ಸಿಗುತ್ತದೆ. ಹಾಗೇ ತಿಂದರೆ ಕಹಿ, ದಿನಗಟ್ಟಲೆ ನೀರಲ್ಲಿ ನೆನೆಸಿ ಕಹಿ ತೆಗೆಯುತ್ತಾರೆ. ಅದಕ್ಕೆ ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ, ನಿಂಬೆ ಹುಳಿ ಹಿಂಡಿ ಬೀದಿಯಲ್ಲಿ ಕೊಡ್ತಾರೆ. ಪಕ್ಕಾ ಕೋಸಂಬರಿ. ರಾಮನವಮಿಯ ಪೆಂಡಾಲಲ್ಲಿ ಕೂತಿದ್ದೀನಿ ಅನ್ನಿಸಿ ಇನ್ನೊಂದು ತಟ್ಟೆ ತಗೊಂಡೆ. ಮಾಂಸ ಬೇಡ ಅಂತ ಹೇಳಿದರೆ ಕೋಳಿ ಹಾಕಿಕೊಡುವ ದೇಶದಲ್ಲಿ ಸಸ್ಯಾಹಾರಿಯ ಹೊಟ್ಟೆ ತುಂಬಿಸಿದ್ದು ಇದು ಮತ್ತು ಆಲೂಗಡ್ಡೆ.

ಆಲೂಗಡ್ಡೆ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ನಾನು ಹಾಸನದವನು. ಅಪ್ಪ ಈಗಲೂ ಎರಡೆಕರೆಯಲ್ಲಿ ಗೆಡ್ಡೆ ಹಾಕುತ್ತಾರೆ. ಬಿತ್ತನೆ ಗೆಡ್ಡೆ ಜಲಂಧರದಿಂದ ಲಾರಿಯಲ್ಲಿ ಹಾಸನದ ಎಪಿಎಂಸಿಗೆ ಬರುತ್ತದೆ, ಅದಕ್ಕಾಗಿ ಕ್ಯೂ ನಿಲ್ಲೋದು ನಮ್ಮೂರ ಕಡೆ ಮೇ ತಿಂಗಳ ಒಂದು ಕೆಲಸ. ಆ ಗೆಡ್ಡೆಯ ತವರು ಈ ಬೆಟ್ಟಸೀಮೆ. ಪೆರುವಿನಲ್ಲಿ 3,000ಕ್ಕೂ ಹೆಚ್ಚು ಬಗೆ ಇವೆಯಂತೆ. ಸಂತೆಯಲ್ಲಿ ನೇರಳೆ, ಹಳದಿ, ಕಪ್ಪು, ಶುಂಠಿಯ ಹಾಗೆ ಗಂಟು ಗಂಟಾದದ್ದು ಎಲ್ಲ ರಾಶಿ ಬಿದ್ದಿತ್ತು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, "ಅಲ್ಲಿ ಅಂಗಮಾರಿ ಬರಲ್ವೇನ್ಲಾ?" ಅಂದರು. ಜುಲೈ ಅಲ್ವಾ, ಹಾಸನದಲ್ಲಿ ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ, ಗಿಡ ಕೊಳೆಸುವ ಅಂಗಮಾರಿ ರೋಗಕ್ಕೆ ಹೇಳಿ ಮಾಡಿಸಿದ ಹವೆ. ಸಂತೆಯ ಹೆಂಗಸನ್ನು ಕೇಳಿದೆ. ಬರುತ್ತೆ ಅಂದರು. ಮೊದಲು ತಗ್ಗಿನ ಹೊಲಕ್ಕೆ ಮಾತ್ರ ಬರ್ತಿತ್ತು, ಈಗ ಮೇಲೂ ಬಿಸಿಲು ಜಾಸ್ತಿಯಾಗಿ ಅಲ್ಲಿಗೂ ಹತ್ತಿದೆ, ನಾವೂ ಗೆಡ್ಡೆಯನ್ನು ಇನ್ನೂ ಮೇಲಕ್ಕೆ ಒಯ್ದು ಹಾಕ್ತೀವಿ ಅಂದರು. ಅಪ್ಪನಿಗೆ ಹೇಳಿದೆ. ಪಾಪ, ಅಂದರು.

ಯುಂಗಾಯ್‌ಗೆ ಹೋದದ್ದು ನಾಲ್ಕನೇ ದಿನ, ಶೇರ್ ವ್ಯಾನಿನಲ್ಲಿ. ಲಗುನಾ 69ಕ್ಕೆ ಹೋಗುವಾಗ ಇದೇ ದಾರಿಯಲ್ಲಿ ನಿದ್ದೆ ಹೊಡೆಯುತ್ತಾ ದಾಟಿದ್ದೆ. ಈಗಿರುವ ಯುಂಗಾಯ್ ಹೊಸ ಊರು. ಹಳೆಯದು ಪಕ್ಕದಲ್ಲಿದೆ, ನೆಲದ ಕೆಳಗೆ. 1970ರ ಮೇ 31, ಭಾನುವಾರ, ಮಧ್ಯಾಹ್ನ 3 ಗಂಟೆ 23 ನಿಮಿಷ. ಮೆಕ್ಸಿಕೋದಲ್ಲಿ ಫುಟ್‌ಬಾಲ್ ವಿಶ್ವಕಪ್ ಶುರುವಾದ ದಿನ. 7.9 ತೀವ್ರತೆಯ ಭೂಕಂಪಕ್ಕೆ ವಸ್ಕರಾನ್ ಬೆಟ್ಟದ ಉತ್ತರ ಶಿಖರದಿಂದ ಬಂಡೆ ಮತ್ತು ಹಿಮದ ದೊಡ್ಡ ತುಂಡೊಂದು ಕಳಚಿ, ಗಂಟೆಗೆ 200 ಕಿಲೋಮೀಟರಿಗಿಂತ ಜೋರಾಗಿ ಇಳಿದು ಬಂದು ಊರನ್ನು ಮುಚ್ಚಿಹಾಕಿತು. ಕೆಲವೇ ನಿಮಿಷ. ಉಳಿದದ್ದು ಯಾರು ಅಂದ್ರೆ ಗುಡ್ಡದ ಮೇಲಿನ ಸ್ಮಶಾನಕ್ಕೆ ಓಡಿ ಹತ್ತಿದ 92 ಜನ, ಮತ್ತೆ ಊರಾಚೆ ಸರ್ಕಸ್ ನೋಡೋಕೆ ಹೋಗಿದ್ದ ಸುಮಾರು ಮುನ್ನೂರು ಮಕ್ಕಳು. ಇಡೀ ಸೀಮೆಯಲ್ಲಿ ಸತ್ತವರು ಹೆಚ್ಚುಕಡಿಮೆ 70,000.

ಈಗ ಅಲ್ಲಿ ಗುಲಾಬಿ ತೋಟ ಇದೆ. ಅಗೆಯೋದು ನಿಷೇಧ, ಇಡೀ ಜಾಗವನ್ನೇ ಸಮಾಧಿ ಅಂತ ಘೋಷಿಸಿದ್ದಾರೆ. ಊರ ಚೌಕದ ನಾಲ್ಕು ತಾಳೆಮರಗಳು ಕೆಸರಿನಿಂದ ತಲೆ ಹೊರಗೆ ಹಾಕಿ ಉಳಿದಿದ್ದವಂತೆ. ಮುರಿದು ಮುದ್ದೆಯಾದ ಒಂದು ಬಸ್ಸು ಬಿದ್ದಿದೆ. ಹೂವಿನ ಮಧ್ಯೆ ನಡೆಯುವಾಗ ಕಾಲನ್ನು ಹೇಗೆ ಇಡಬೇಕು ಅಂತಲೇ ಗೊತ್ತಾಗಲಿಲ್ಲ. ಸ್ಮಶಾನದ ಗುಡ್ಡದ ಮೇಲೆ ಕೈ ಚಾಚಿ ನಿಂತ ಏಸುವಿನ ಮೂರ್ತಿ, ಅದರ ನೇರಕ್ಕೆ ವಸ್ಕರಾನ್, 6,768 ಮೀಟರ್, ಪೆರುವಿನಲ್ಲೇ ಎತ್ತರದ್ದು. ಅವತ್ತು ಒಂದು ಚೂರು ಮೋಡ ಇರಲಿಲ್ಲ. ನಾನು ಅಲ್ಲಿಯವರೆಗೆ ಕಂಡ ಬೆಟ್ಟಗಳಲ್ಲೆಲ್ಲ ಅದೇ ಚೆಂದ. ಇದನ್ನು ಹೇಳೋದು ತಪ್ಪೋ ಸರಿಯೋ, ಆದರೆ ಹಾಗನ್ನಿಸಿದ್ದು ನಿಜ.

ರಾತ್ರಿ ಯಜಮಾನಿಗೆ ಯುಂಗಾಯ್‌ಗೆ ಹೋಗಿದ್ದೆ ಅಂತ ಹೇಳಿದೆ. ಆಗ ಅವರಿಗೆ ಎಂಟು ವರ್ಷವಂತೆ. ವರಾಸ್ ಕೂಡ ಹೆಚ್ಚುಕಡಿಮೆ ಪೂರ್ತಿ ಬಿದ್ದುಹೋಗಿತ್ತು. ಹಳೆಯ ಕಾಲದ ಬೀದಿ ಅಂತ ಉಳಿದಿರೋದು ಹೊಸೆ ಒಲಾಯಾ ಬೀದಿ ಒಂದೇ. ಊರು ಯಾಕೆ ಇಷ್ಟು ಕಾಂಕ್ರೀಟ್ ಡಬ್ಬಿಗಳ ಹಾಗಿದೆ ಅಂತ ಬ್ಯಾಕ್‌ಪ್ಯಾಕರ್‌ಗಳು ಮೂಗು ಮುರಿಯುತ್ತಾರೆ, ನಾನೂ ಮೊದಲ ದಿನ ಮುರಿದಿದ್ದೆ. ಅಡುಗೆಮನೆಯ ಮಣ್ಣಿನ ಗೋಡೆ ನನ್ನ ಕಡೆ ಬೀಳದೆ ಆಚೆ ಕಡೆ ಬಿತ್ತು, ಅದಕ್ಕೆ ನಾನಿದ್ದೀನಿ ಅಂದರು. ಮತ್ತೇನೂ ಹೇಳಲಿಲ್ಲ. ಸೂಪಿಗೆ ಉಪ್ಪು ಸಾಕಾ ಅಂತ ಕೇಳಿದರು.

ಸಾಂತಾ ಕ್ರೂಸ್ ಚಾರಣದ ಬಗ್ಗೆ ಜಾಸ್ತಿ ಬರೆಯಲ್ಲ, ಬೇಕಾದಷ್ಟು ಜನ ಬರೆದಿದ್ದಾರೆ. ನಾಲ್ಕು ದಿನ, ಸುಮಾರು 50 ಕಿಲೋಮೀಟರ್, ಟೆಂಟು ಪಾತ್ರೆ ಎಲ್ಲ ಕತ್ತೆ ಮೇಲೆ, ಕತ್ತೆ ಹೊಡೆಯುವವರಿಗೆ ಅರಿಯೆರೊ ಅಂತಾರೆ. ರಾತ್ರಿ ನೀರಿನ ಬಾಟಲಿ ಹೆಪ್ಪುಗಟ್ಟುತ್ತದೆ. ನೀರು 85 ಡಿಗ್ರಿಗೇ ಕುದಿಯೋದರಿಂದ ಅನ್ನ ಎಷ್ಟು ಹೊತ್ತು ಇಟ್ಟರೂ ನಡುವೆ ಅಕ್ಕಿಯೇ. 4,750 ಮೀಟರಿನ ಪುಂತಾ ಉನಿಯೋನ್ ಕಣಿವೆ ಬಾಯಿ ದಾಟುವಾಗ ನನಗೆ ಏನೂ ಆಗಲಿಲ್ಲ, ಯಾಕಂದ್ರೆ ಅಷ್ಟರಲ್ಲಿ ವಾರ ಕಳೆದಿತ್ತು. ನೆನಪಲ್ಲಿ ಉಳಿದದ್ದು ಬೇರೆ. ಎರಡನೇ ದಿನ ಕಣಿವೆಯ ನಡುವೆ ಇದ್ದಕ್ಕಿದ್ದ ಹಾಗೆ ಬಿಳಿ ಮರಳಿನ ಬಯಲು ಬಂತು. ಹುಲ್ಲಿಲ್ಲ, ಸತ್ತ ಮರಗಳ ಬೊಡ್ಡೆ ಅಲ್ಲಲ್ಲಿ. ಇದೇನು ಹೊಳೆಯ ಪಾತ್ರವಾ ಅಂತ ಅರಿಯೆರೊನನ್ನು ಕೇಳಿದರೆ, ಅವನು ಮೇಲೆ ಬೆಟ್ಟದ ಕಡೆ ಕೈ ತೋರಿಸಿದ. 2012ರ ಫೆಬ್ರವರಿಯಲ್ಲಿ ಮೇಲಿನ ಒಂದು ಕೆರೆಗೆ ಗುಡ್ಡ ಕುಸಿದು, ಆ ಕೆರೆ ಉಕ್ಕಿ ಕೆಳಗಿನ ಕೆರೆಗೆ ನುಗ್ಗಿ, ಅದು ಒಡೆದು ಕಣಿವೆಯೆಲ್ಲ ಮರಳು. ಒಂದು ಗಂಟೆ ನಾವು ಆ ಮರಳಿನ ಮೇಲೇ ನಡೆದೆವು. ನಮ್ಮ ಗುಂಪಿನವರು ಬೀಚಿನ ಹಾಗಿದೆ ಅಂತ ಫೋಟೋ ತೆಗೆಸಿಕೊಂಡರು.

ನಮ್ಮದು ಕೆರೆ ಹಿಂದಿನ ಊರು. ಕೆರೆ ತುಂಬಿ ಕೋಡಿ ಬಿದ್ದರೆ ನಮಗೆ ಹಬ್ಬ, ಎಂಎಲ್‌ಎ ಬಂದು ಬಾಗಿನ ಬಿಡುತ್ತಾರೆ, ಮಕ್ಕಳು ಕೋಡಿ ನೀರಲ್ಲಿ ಮೀನು ಹಿಡಿಯುತ್ತಾರೆ. ಆದರೆ ಏರಿಯಲ್ಲಿ ಇಲಿ ಬಿಲ ಮಾಡಿ ನೀರು ಜಿನುಗಿದರೆ? ಅಪ್ಪ ಮತ್ತು ಊರ ಗಂಡಸರೆಲ್ಲ ರಾತ್ರಿಯಿಡೀ ಟಾರ್ಚ್ ಹಿಡಿದು ಮರಳು ಚೀಲ ಹೊತ್ತದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ನಮ್ಮನ್ನು ಮಲಗೋಕೇ ಬಿಟ್ಟಿರಲಿಲ್ಲ. ಯಜಮಾನಿಯ ಮಾತು ನನಗೆ ಅರ್ಥವಾದದ್ದು ಆ ಮರಳಿನ ಮೇಲೆ ನಡೆಯುವಾಗ. ಹೋದವರಿಗೆ ಅದು ನೋಡೋ ಕೆರೆ, ಅವರಿಗೆ ತಲೆ ಮೇಲಿನ ಕೆರೆ.

ಹಾಗಾಗಿ ಕೊನೆಯಲ್ಲಿ ಉಳಿದಿದ್ದ ಒಂದು ದಿನವನ್ನು ಚುರುಪ್ ಕೆರೆಗೆ ಇಟ್ಟುಕೊಂಡಿದ್ದವನು ಮನಸ್ಸು ಬದಲಿಸಿ ಪಾಲ್ಕಕೋಚಕ್ಕೆ ಹೋದೆ. ಕೋಚ ಅಂದ್ರೂ ಕೆರೆಯೇ. ವರಾಸ್‌ನ ನೇರ ಮೇಲೆ, 4,560 ಮೀಟರಿನಲ್ಲಿ ಇದೆ. 1941ರ ಡಿಸೆಂಬರ್ 13ರ ಬೆಳಿಗ್ಗೆ ಇದರ ಏರಿ ಒಡೆಯಿತು. ಏರಿ ಅಂದ್ರೆ ಯಾರೂ ಕಟ್ಟಿದ್ದಲ್ಲ, ಹಿಮನದಿ ತಳ್ಳಿಕೊಂಡು ಬಂದು ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ. ಊರಿನ ಮೂರನೇ ಒಂದು ಭಾಗ ಕೊಚ್ಚಿಹೋಯಿತು, ಸಾವಿರಾರು ಜನ ಸತ್ತರು. ಆಮೇಲೆ ಜನ ಅದೇ ಜಾಗದಲ್ಲಿ ಮತ್ತೆ ಮನೆ ಕಟ್ಟಿಕೊಂಡರು. ಬೇರೆ ಎಲ್ಲಿಗೆ ಹೋಗ್ತಾರೆ ಹೇಳಿ. ಒಡೆದ ಮೇಲೆ ಕೆರೆಯಲ್ಲಿ ನೀರು ಕಮ್ಮಿಯೇ ಇತ್ತು. ಹಿಮನದಿ ಕರಗುತ್ತಾ ಹಿಂದೆ ಸರಿದ ಹಾಗೆ ಕೆರೆ ದೊಡ್ಡದಾಯಿತು, 2009ರ ಹೊತ್ತಿಗೆ 1970ರ ದಶಕದಲ್ಲಿದ್ದ ನೀರಿಗಿಂತ ಮೂವತ್ತು ಪಟ್ಟಿಗೂ ಜಾಸ್ತಿ.

ಈ ಕೆರೆಯ ಮೇಲೆ ಜರ್ಮನಿಯ ಕೋರ್ಟಿನಲ್ಲಿ ಕೇಸು ನಡೆದದ್ದು ನಿಮಗೆ ಗೊತ್ತಿರಬಹುದು. ವರಾಸ್‌ನ ರೈತ, ಬೆಟ್ಟದ ಗೈಡ್ ಕೂಡ ಆಗಿರುವ ಸಾವುಲ್ ಲುಸಿಯಾನೊ 2015ರಲ್ಲಿ ಜರ್ಮನಿಯ ಆರ್‌ಡಬ್ಲ್ಯುಇ ಅನ್ನೋ ವಿದ್ಯುತ್ ಕಂಪನಿ ಮೇಲೆ ಹಾಕಿದ್ದು. ಆ ಕಂಪನಿ ಪೆರುವಿನಲ್ಲಿ ಏನೂ ನಡೆಸಿಲ್ಲ. ಆದರೆ ಭೂಮಿ ಬಿಸಿ ಮಾಡಿ ಹಿಮ ಕರಗಿಸುವ ಜಗತ್ತಿನ ಹೊಗೆಯಲ್ಲಿ ಅದರ ಪಾಲು 0.47 ಪರ್ಸೆಂಟ್ ಅಂತ ಲೆಕ್ಕ ಸಿಕ್ಕಿತ್ತು, ಕೆರೆಯಿಂದ ಊರನ್ನು ಕಾಪಾಡುವ ಖರ್ಚಲ್ಲಿ ಅಷ್ಟು ಪಾಲು ಕೊಡಿ ಅನ್ನೋದು ಅವರ ವಾದ. ಜಡ್ಜುಗಳೇ 2022ರಲ್ಲಿ ಜರ್ಮನಿಯಿಂದ ಬಂದು ಕೆರೆ ನೋಡಿಕೊಂಡು ಹೋದರು. ನಾನು ಹೋಗುವ ಒಂದೂವರೆ ತಿಂಗಳ ಹಿಂದೆ, 2025ರ ಮೇ 28ಕ್ಕೆ, ತೀರ್ಪು ಬಂದಿತ್ತು. ದೂರದ ಕಂಪನಿಯಾದರೂ ಹೊಗೆಗೆ ಹೊಣೆ ಮಾಡಬಹುದು, ಆದರೆ ಮುಂದಿನ 30 ವರ್ಷದಲ್ಲಿ ಕೆರೆ ಒಡೆದು ನೀರು ಸಾವುಲ್ ಅವರ ಮನೆಗೆ ಬರುವ ಸಾಧ್ಯತೆ ತುಂಬ ಕಮ್ಮಿ, ಒಂದು ಪರ್ಸೆಂಟಿನಷ್ಟು, ಹಾಗಾಗಿ ಕೇಸು ವಜಾ. ಗೆದ್ದದ್ದಾ ಸೋತದ್ದಾ? ವ್ಯಾನಿನ ಡ್ರೈವರನ್ನು ಕೇಳಿದೆ. ನೂರಕ್ಕೊಂದು ಅಂದ್ರೆ ಕಮ್ಮಿಯಾ ಅಂತ ನನ್ನನ್ನೇ ಕೇಳಿದ.

ಗಾಡಿ ಬಿಟ್ಟ ಮೇಲೆ ಕಣಿವೆಯಲ್ಲಿ ಸುಮಾರು ಹೊತ್ತು ನಡೆಯಬೇಕು. ಬೇರೆ ಚಾರಣಿಗರು ಒಬ್ಬರೂ ಸಿಗಲಿಲ್ಲ. ಕೆರೆ ಚೆಂದವೇ ಇದೆ, ಲಗುನಾ 69ರಷ್ಟು ನೀಲಿಯಲ್ಲ, ಸ್ವಲ್ಪ ಹಸಿರು. ಹಿಂದೆ ಹಿಮದ ಗೋಡೆ. ಅಲ್ಲಿಂದ ಆಗಾಗ ಗುಡುಗಿನ ಹಾಗೆ ಸದ್ದು, ಹಿಮ ಮುರಿಯೋದು. ದಡದಲ್ಲಿ ಒಂದು ಗುಡಿಸಲು, ನೀರಿನ ಮಟ್ಟ ನೋಡಿ ಕೆಳಗೆ ತಿಳಿಸುವ ಕಾವಲುಗಾರರದ್ದು. ಇನ್ನೊಂದು ಕಡೆ, 1941ರಲ್ಲಿ ಒಡೆದ ಕಂಡಿಯ ಹತ್ತಿರ, ಕರಿ ಪೈಪುಗಳು. ನೀರಿನ ಮಟ್ಟ ಏರದಂತೆ ಸೈಫನ್ ಮಾಡಿ ಹೊರಗೆ ಬಿಡೋಕೆ 2011ರಲ್ಲಿ ಹಾಕಿದ್ದು. ನಮ್ಮ ಹೊಲದಲ್ಲಿ ಬಾಯಲ್ಲಿ ಗಾಳಿ ಎಳೆದು ಪೈಪಲ್ಲಿ ನೀರು ಬಿಡ್ತಾರಲ್ಲ, ಅದೇ ಉಪಾಯ. ಕೆಲವೇ ಪೈಪು, ಅಷ್ಟು ದೊಡ್ಡ ಕೆರೆಗೆ. ಕಾವಲುಗಾರ ಹೊರಗೆ ಬಂದು ಕೈ ಬೀಸಿದ. ನಾನೂ ಬೀಸಿದೆ.

ವರಾಸ್‌ಗೆ ವಾಪಸ್ ಬಂದು ವೈಫೈ ಸಿಕ್ಕ ಮೇಲೆ ಅಪ್ಪನಿಗೆ ಲಗುನಾ 69ರ ಫೋಟೋ ಕಳಿಸಿದೆ, ಇದಕ್ಕೇ ನಾನು ಇಷ್ಟು ದೂರ ಬಂದದ್ದು ಅಂತ. ಬಣ್ಣಗಿಣ್ಣದ ಬಗ್ಗೆ ಏನೂ ಹೇಳಲಿಲ್ಲ. ವಾಯ್ಸ್ ಮೆಸೇಜ್ ಬಂತು.

"ನೀರು ಚೆನ್ನಾಗೈತೆ. ತೂಬು ಎಲ್ಲೈತ್ಲಾ?"

ಪಾಲ್ಕಕೋಚದ ಪೈಪಿನ ಫೋಟೋ ಕಳಿಸಿದೆ. ಇದು ಬೇರೆ ಕೆರೆ, ಇದಕ್ಕೆ ಇಷ್ಟಿದೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೆಸೇಜ್.

"ಎಷ್ಟಿಂಚು ಪೈಪು?"

ಅದನ್ನು ಕೇಳೋದೇ ಮರೆತಿದ್ದೆ.